ಏಡಿಯೊಳಗೆ ಮೂರು ಗಂಟೆ

ಗೋದಾಮಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಿರಿಯರ ಬಾಯಲ್ಲಿ ಅವಳು ರಾಕೆಟ್ಟು, ಕಿರಿಯರ ಬಾಯಲ್ಲಿ ರಾಕೆಟ್ಟಕ್ಕ. ಊಟದ ಹೊತ್ತಿಗೆ ಉಳಿದ ಹೆಂಗಸರು ಸೊಂಟಕ್ಕೆ ಹಚ್ಚುವ ಮುಲಾಮಿನ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಮನೆಮನೆಯ ರಾಮಾಯಣ ಬಿಚ್ಚಿಕೊಂಡರೆ, ಇವಳು ನೀರಿನ ಬಾಟಲಿಗೆ ಪುಸ್ತಕ ಒರಗಿಸಿಕೊಂಡು ಬೇರೆ ಯಾವುದೋ ಗ್ರಹಕ್ಕೆ ಹೋಗಿಬಿಡುತ್ತಿದ್ದಳು. ಗಂಟೆ ಹೊಡೆದ ಮೇಲೆ ಯಾರಾದರೂ ಭುಜ ತಟ್ಟಿ, "ಇಳೀರಿ ರಾಕೆಟ್ಟಕ್ಕ, ಸ್ಟಾಪ್ ಬಂತು" ಅನ್ನಬೇಕು. ಆಗ ಪುಟದ ಮೂಲೆ ಮಡಿಚಿಟ್ಟು, ಕೈಗವಸು ಏರಿಸಿಕೊಂಡು ಮತ್ತೆ ಪೆಟ್ಟಿಗೆ ಎತ್ತಲು ಏಳುತ್ತಿದ್ದಳು.

ಎತ್ತುವುದೆಲ್ಲ ಬಚ್ಚಲುಮನೆಯ ಸಾಮಾನು. ಕೈ ತೊಳೆಯುವ ಬೇಸಿನ್ನು, ಕಮೋಡು, ಟೈಲ್ಸಿನ ಕಟ್ಟು. ಎತ್ತುವುದು, ಅಟ್ಟಣಿಗೆಗೆ ಇಡುವುದು, ಅಟ್ಟಣಿಗೆಯಿಂದ ಇಳಿಸಿ ಲಾರಿಗೆ ಸಾಗಿಸುವುದು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ ಬೆನ್ನು ಬೆಳಗ್ಗೆ ಏಳುವಾಗ ಹಳೆಯ ಬಾಗಿಲಿನ ಹಾಗೆ ಕಿರುಗುಡುತ್ತಿತ್ತು.

ಪುಸ್ತಕದ ಹುಚ್ಚು ಹಿಡಿಸಿದವನು ಅವಳ ಸೋದರಮಾವ. ಅವನದು ಬೈಂಡಿಂಗ್ ಅಂಗಡಿ. ಗ್ರಂಥಾಲಯಗಳಿಂದ ಹರಿದು ಬಂದ ಪುಸ್ತಕಗಳನ್ನು ಬಿಚ್ಚಿ, ಮತ್ತೆ ಹೊಲಿದು, ರಟ್ಟು ಕಟ್ಟಿ ಕಳಿಸುವುದು ಅವನ ಕಸುಬು. ಎಲ್ಲ ಪುಸ್ತಕಗಳಿಗಿಂತ ಹೆಚ್ಚು ಹರಿದು ಬರುವುದು ವಿಜ್ಞಾನದ ಕಥೆಗಳೇ ಎಂದು ಅವನು ಎಷ್ಟೋ ವರ್ಷದ ಹಿಂದೆಯೇ ಕಂಡುಕೊಂಡಿದ್ದ. "ಇವನ್ನ ಓದೋರು ಕಣ್ಣಲ್ಲಿ ಓದಲ್ಲ, ಕೈಕಾಲಲ್ಲೆಲ್ಲ ಓದ್ತಾರೆ," ಎನ್ನುತ್ತಿದ್ದ. ಹೊಲಿಯುವ ಮುಂಚೆ ತಾನೊಮ್ಮೆ ಓದುವುದು, ಓದಿದ ಮೇಲೆ ಸೊಸೆಗೆ ಕೊಡುವುದು, ಆಮೇಲೆಯೇ ಅದಕ್ಕೆ ಅಂಟು ಹಚ್ಚುವುದು. ಗ್ರಂಥಾಲಯದವರು ತಡವಾಯಿತೆಂದು ಎಷ್ಟು ಬೈದರೂ ಈ ಕ್ರಮ ತಪ್ಪಲಿಲ್ಲ. ನಿವೃತ್ತರಾದ ಮೇಲೆ ವಿಜ್ಞಾನದ ಮೇಷ್ಟ್ರೊಬ್ಬರು ಇವರ ಜತೆ ಸೇರಿಕೊಂಡರು. ಪ್ರತಿ ಗುರುವಾರ ಸಂಜೆ ಮೂವರೂ ಅಂಟಿನ ವಾಸನೆಯ ಆ ಅಂಗಡಿಯಲ್ಲಿ ರಟ್ಟಿನ ರಾಶಿಯ ಮೇಲೆ ಕೂತು ಓದಿದ್ದರ ಬಗ್ಗೆ ಜಗಳ ಆಡುತ್ತಿದ್ದರು.

ಗೋದಾಮಿಗೆ ಕವಚ ಬರುತ್ತದಂತೆ ಎಂಬ ಸುದ್ದಿಯನ್ನು ಅವಳು ತಂದಿದ್ದೂ ಒಂದು ಗುರುವಾರವೇ. ಮೈಮೇಲೆ ತೊಟ್ಟುಕೊಳ್ಳುವ ಯಂತ್ರ. ಕಾಲಿಗೊಂದು ಲೋಹದ ಕಾಲು, ಕೈಗೊಂದು ಲೋಹದ ಕೈ, ಬೆನ್ನಿಗೊಂದು ಲೋಹದ ಬೆನ್ನು. ನಾವು ಬಗ್ಗಿದರೆ ಅದೂ ಬಗ್ಗುತ್ತದೆ, ಭಾರವನ್ನು ಮಾತ್ರ ತಾನೇ ಹೊರುತ್ತದೆ.

ಮಾವ ಕೈಯಲ್ಲಿದ್ದ ದಬ್ಬಳವನ್ನು ಕೆಳಗಿಟ್ಟುಬಿಟ್ಟ. "ನನ್ನ ಮೈಯಲ್ಲಿ ಕಸುವಿದ್ದಾಗ ಬರಲಿಲ್ಲ. ನಿನ್ನ ಕಾಲಕ್ಕಾದ್ರೂ ಬಂತಲ್ಲ, ತಾಯಿ! ನೀನು ತೊಟ್ಟರೆ ನಾನೇ ತೊಟ್ಟ ಹಾಗೆ."

"ಸ್ವಲ್ಪ ತಡೀರಿ," ಎಂದರು ಮೇಷ್ಟ್ರು. "ನಾವು ಓದಿದ ಪುಸ್ತಕದಲ್ಲಿ ಕವಚ ತೊಟ್ಟೋನೇ ಅದಕ್ಕೆ ಯಜಮಾನ. ಇಲ್ಲಿ ಯಜಮಾನ ಯಾರು?"

"ಮದುವೆ ಮನೆಯಲ್ಲೂ ನಿಮ್ಮದು ಇದೇ ರಾಗ, ಮೇಷ್ಟ್ರೇ," ಎಂದು ಅವಳು ನಕ್ಕಳು. ಮಾರನೆಯ ದಿನ, ಯಾರು ಮೊದಲು ತೊಡುತ್ತೀರಿ ಎಂದು ಕೇಳಿದಾಗ ಗೋದಾಮಿನಲ್ಲಿ ಮೇಲೆದ್ದದ್ದು ಒಂದೇ ಕೈ, ರಾಕೆಟ್ಟಕ್ಕನದು.

ಕವಚದ ಜತೆ ಅದನ್ನು ಮಾಡಿದ ಕಂಪನಿಯ ಇಂಜಿನಿಯರ್ ಬಂದಿದ್ದಳು. ಮೂವತ್ತೈದರ ಆಸುಪಾಸು, ಕಿವಿಯವರೆಗೆ ಕತ್ತರಿಸಿದ ಕೂದಲು, ಉಗುರಿನ ಸಂದಿಯಲ್ಲಿ ಗ್ರೀಸು. ಕವಚದ ಪಟ್ಟಿ ಬಿಗಿಯುವಾಗ ರಾಕೆಟ್ಟಕ್ಕ ತಡೆಯಲಾರದೆ, ಇದು ಆ ಪುಸ್ತಕದಲ್ಲಿರುವ ಹಾಗಿದೆ, ಇಲ್ಲ, ಈ ಪುಸ್ತಕದಲ್ಲಿರುವ ಹಾಗಿದೆ ಎಂದು ಹೇಳತೊಡಗಿದಳು. ಇಂಜಿನಿಯರಳ ಕೈ ನಿಂತುಹೋಯಿತು. "ನೀವೂ ಓದ್ತೀರಾ?" ಎಂದಳು. "ಹನ್ನೆರಡನೇ ವಯಸ್ಸಲ್ಲಿ ಒಂದು ಕಥೆ ಓದಿ ರಟ್ಟಿನ ಪೆಟ್ಟಿಗೇಲಿ ಇಂಥದೊಂದು ಮಾಡ್ಕೊಂಡಿದ್ದೆ. ಅದನ್ನ ತೊಟ್ಟು ಮಹಡಿ ಮೆಟ್ಟಿಲಿಂದ ಬಿದ್ದೆ." ಹಣೆಯ ಮೇಲಿನ ಹಳೆಯ ಗಾಯದ ಗೆರೆ ತೋರಿಸಿದಳು. ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಅಂದು ಇಡೀ ಮಧ್ಯಾಹ್ನ ಹಿಡಿಯಿತು.

ಮೊದಲ ದಿನ ನಲವತ್ತೆರಡು ಕಿಲೋದ ಕಮೋಡಿನ ಪೆಟ್ಟಿಗೆಯನ್ನು ಒಬ್ಬಳೇ ಎತ್ತಿ, ತಲೆಯ ಮೇಲಿನ ಅಟ್ಟಣಿಗೆಯಲ್ಲಿಟ್ಟಾಗ ಅವಳ ಕಣ್ಣಲ್ಲಿ ನೀರು ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಸಂಜೆ ಮನೆಗೆ ಹೋಗಿ ಮೆಟ್ಟಿಲನ್ನು ಕೈ ಊರದೆ ಹತ್ತಿದಳು. ಗಂಡ, "ಏನೇ, ಹದಿನಾರರ ಹುಡುಗಿ ಹಾಗೆ ಬರ್ತಿದೀಯ," ಎಂದ.

ಹನ್ನೆರಡು ಕವಚ ಬಂದವು, ಹನ್ನೆರಡು ಹೆಂಗಸರಿಗೆ. ಲೋಹದ ಕೈಕಾಲು ಚಾಚಿ ನಿಲ್ಲಿಸಿದಾಗ ಅವು ಕಾಣುತ್ತಿದ್ದ ರೀತಿಗೆ ಎಲ್ಲರೂ ಅವನ್ನು ಏಡಿ ಎಂದು ಕರೆದರು. "ಏಡಿ ಹತ್ತು", "ಏಡಿ ಇಳಿ", "ನನ್ನ ಏಡಿಗೆ ಇವತ್ತು ಸಿಟ್ಟು ಬಂದಿದೆ." ಮುಲಾಮಿನ ಡಬ್ಬಿಗೆ ಕೆಲಸ ಕಮ್ಮಿಯಾಯಿತು.

ಎರಡನೆಯ ತಿಂಗಳು ಗೋಡೆಯ ಫಲಕದಲ್ಲಿ ಒಬ್ಬೊಬ್ಬರು ದಿನಕ್ಕೆ ಎತ್ತಲೇಬೇಕಾದ ಲೆಕ್ಕ ತೊಂಬತ್ತು ಪೆಟ್ಟಿಗೆಯಿಂದ ನೂರ ಇಪ್ಪತ್ತಕ್ಕೆ ಏರಿತು. ಮೂರನೆಯ ತಿಂಗಳು ನೂರ ಅರವತ್ತಾಯಿತು. ಏಡಿ ಹತ್ತುವುದೂ ಬಿಡುವುದೂ ನಿಮ್ಮಿಷ್ಟ ಎಂದು ಮೊದಲು ಹೇಳಿದ್ದರು. ಈಗಲೂ ಹಾಗೆಯೇ ಹೇಳುತ್ತಿದ್ದರು. ಆದರೆ ಬರಿಮೈಯಲ್ಲಿ ನೂರ ಅರವತ್ತು ಎತ್ತುವ ಗಂಡುಗಲಿ ಯಾರೂ ಅಲ್ಲಿರಲಿಲ್ಲ. ಈ ಮಾತನ್ನು ಅವಳು ಗುರುವಾರದ ಸಭೆಯಲ್ಲಿ ಎತ್ತಲಿಲ್ಲ. ಮಾವನ ಮುಖದಲ್ಲಿನ ಆ ಬೆಳಕು ಆರಿಸಲು ಮನಸ್ಸು ಬರಲಿಲ್ಲ.

ಅದೇ ತಿಂಗಳ ಒಂದು ದಿನ ಊಟದ ಗಂಟೆ ಹೊಡೆದಾಗ ಅವಳ ಲೆಕ್ಕದಲ್ಲಿ ಆರು ಪೆಟ್ಟಿಗೆ ಕಡಿಮೆಯಿತ್ತು. ಉಳಿದ ಹನ್ನೊಂದು ಜನ ಏಡಿಗಳನ್ನು ಗೂಟಕ್ಕೆ ನಿಲ್ಲಿಸಿ ಊಟದ ಕೋಣೆಗೆ ಹೋದರು. ಅವಳ ಜತೆಗಾತಿ, ಮೊಣಕಾಲಿನವರೆಗೆ ಇಳಿಯುವ ಕೂದಲಿನಿಂದಾಗಿ ಜಡೆ ಎಂದೇ ಹೆಸರಾದವಳು, "ಬಾರೇ, ಪೆಟ್ಟಿಗೆ ಏನು ಓಡಿಹೋಗುತ್ತಾ?" ಎಂದು ಕರೆದಳು.

"ನೀನು ನಡಿ, ಐದೇ ನಿಮಿಷ."

ಹದಿನಾಲ್ಕನೆಯ ಸಾಲಿನ ತುದಿಯಲ್ಲಿ, ಗೋಡೆಗೆ ಹತ್ತಿರ, ಕೆಳಗಿನ ಹಲಗೆಯಿಂದ ಕಮೋಡಿನ ಪೆಟ್ಟಿಗೆಯೊಂದನ್ನು ಎತ್ತಲು ಅವಳು ಮೊಣಕಾಲು ಮಡಿಸಿ ಕೂತಳು. ಏಡಿಯ ಕೊಕ್ಕೆಗಳು ಪೆಟ್ಟಿಗೆಯನ್ನು ಹಿಡಿದವು. ಏಳಲು ಹೊರಟಳು. ಅರ್ಧ ಎದ್ದಿದ್ದಳೋ ಇಲ್ಲವೋ, ಸೊಂಟದ ಎರಡೂ ಬದಿಯಲ್ಲಿ ಟಕ್ ಎಂದು ಸದ್ದಾಯಿತು. ಮೊಣಕಾಲಿನಲ್ಲಿ ಟಕ್. ಭುಜದಲ್ಲಿ, ಮೊಣಕೈಯಲ್ಲಿ ಟಕ್, ಟಕ್. ಕುತ್ತಿಗೆಯ ಹತ್ತಿರದ ಸಣ್ಣ ಸ್ಪೀಕರಿನಿಂದ ಒಂದು ಹೆಣ್ಣುದನಿ ಬಹಳ ವಿನಯದಿಂದ ಹೇಳಿತು: "ನಿಮ್ಮ ಸುರಕ್ಷತೆಗಾಗಿ ಕವಚವನ್ನು ಬಿಗಿಯಲಾಗಿದೆ. ದಯವಿಟ್ಟು ಕಾಯಿರಿ."

ಅವಳು ಕಾದಳು. ಮೊದಲೂ ಒಂದೆರಡು ಸಲ ಹೀಗಾಗಿ, ಮಗ್ಗಿ ಒಂದು ಹೇಳಿ ಮುಗಿಸುವುದರೊಳಗೆ ಸರಿಹೋಗಿತ್ತು. ಏಡಿಗಳು ಹತ್ತು ನಿಮಿಷಕ್ಕೊಮ್ಮೆ ಎಲ್ಲೋ ದೂರದಲ್ಲಿರುವ ಕಂಪನಿಯ ದೊಡ್ಡ ಕಂಪ್ಯೂಟರಿಗೆ ಹಾಜರಿ ಹೇಳಬೇಕು. ಅಲ್ಲಿಂದ ಉತ್ತರ ಬರದಿದ್ದರೆ, ತೊಟ್ಟವರು ಭಾರದೊಂದಿಗೆ ಬೀಳದಿರಲಿ ಎಂದು ಕೀಲು ಬಿಗಿದು ನಿಲ್ಲುತ್ತವೆ ಎಂದು ಇಂಜಿನಿಯರ್ ವಿವರಿಸಿದ್ದಳು. ಭಾರ ಹಿಡಿದಿರುವಾಗ ಎದೆಯ ಬೀಗವೂ ತೆರೆಯುವುದಿಲ್ಲ. ಆಗ ಅದು ಎಷ್ಟು ಜಾಣತನದ್ದು ಅನ್ನಿಸಿತ್ತು.

ಹದಿಮೂರರ ಮಗ್ಗಿಯೂ ಮುಗಿಯಿತು. ಹತ್ತೊಂಬತ್ತರದೂ ಮುಗಿಯಿತು. "ದಯವಿಟ್ಟು ಕಾಯಿರಿ," ಎಂದಿತು ಏಡಿ.

ಕೂತಂತೆಯೂ ಅಲ್ಲ, ನಿಂತಂತೆಯೂ ಅಲ್ಲ. ಭಾರ ಅವಳ ಮೇಲಿರಲಿಲ್ಲ, ಅದನ್ನು ಏಡಿಯೇ ಹೊತ್ತಿತ್ತು. ಆದರೆ ತೊಡೆಯ ಪಟ್ಟಿಗಳು ಮಡಿಸಿದ ಕಾಲಿಗೆ ಕಚ್ಚಿಕೊಂಡಿದ್ದವು. ಮುಖದೆದುರು ಅರ್ಧ ಅಡಿ ದೂರದಲ್ಲಿ ಪೆಟ್ಟಿಗೆ. ಅದರ ಮೇಲೆ ಬಾಣದ ಗುರುತು, "ಈ ಬದಿ ಮೇಲೆ". ಮೂಗಿನ ಬಲಪಕ್ಕ ತುರಿಸತೊಡಗಿತು. ಕೈ ಏಡಿಯ ಕೈಯೊಳಗಿತ್ತು. ಬೆರಳು ಮಾತ್ರ ಆಡುತ್ತಿದ್ದವು, ಅವಕ್ಕೆ ಏನೂ ಸಿಗುತ್ತಿರಲಿಲ್ಲ.

"ಜಡೇ!" ಎಂದು ಕೂಗಿದಳು. ಟೈಲ್ಸಿನ ಕಟ್ಟುಗಳು ದನಿಯನ್ನು ನುಂಗಿಕೊಂಡವು. ಊಟದ ಕೋಣೆ ಅಲ್ಲಿಗೆ ಹದಿಮೂರು ಸಾಲು ದೂರ.

ಮೊದಲು ಸಿಟ್ಟು ಬಂತು. ಆಮೇಲೆ ಬೆನ್ನಿನುದ್ದಕ್ಕೂ ಬೆವರು. ಬಿಡಿಸಿಕೊಳ್ಳಲು ಒಂದು ಸಲ ಪೂರಾ ಬಲ ಹಾಕಿ ಮೇಲಕ್ಕೆ ನೂಕಿದಳು, ಗೋಡೆಯನ್ನು ನೂಕಿದಂತಾಯಿತು. ಒಂದು ಬದಿಗೆ ವಾಲಲು ನೋಡಿದಳು. ಪೆಟ್ಟಿಗೆ ಸಮೇತ ಮಗುಚಿಬಿದ್ದರೆ ನಲವತ್ತೆರಡು ಕಿಲೋ ಎಲ್ಲಿ ಬೀಳುತ್ತದೋ ಎಂದು ಹೆದರಿ ಬಿಟ್ಟಳು. ಅಡಕತ್ತರಿಯ ಬಾಯಿಗೆ ಸಿಕ್ಕ ಅಡಕೆಯ ಹಾಗೆ, ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಮೊಬೈಲು ಕೆಲಸದ ವೇಳೆಯಲ್ಲಿ ಕಪಾಟಿನಲ್ಲಿರಬೇಕೆಂಬ ನಿಯಮ. ಬೆಳಗ್ಗೆ ಕುಡಿದ ಎರಡು ಲೋಟ ನೀರು ಈಗ ತನ್ನ ಇರವನ್ನು ತಿಳಿಸತೊಡಗಿತು.

ಅವಳಿಗೆ ತಾನು ಓದಿದ ಎಷ್ಟೋ ಕವಚಗಳು ನೆನಪಾದವು. ಅದನ್ನು ತೊಟ್ಟವರು ಜ್ವಾಲಾಮುಖಿ ದಾಟಿದ್ದರು, ಗಾಳಿಯಿಲ್ಲದ ಬಯಲಲ್ಲಿ ತಿಂಗಳುಗಟ್ಟಲೆ ನಡೆದಿದ್ದರು. ಅವರಲ್ಲಿ ಒಬ್ಬರಿಗಾದರೂ ಮೂಗು ತುರಿಸಿದ್ದು, ಉಚ್ಚೆ ಬಂದದ್ದು ಯಾವ ಪುಟದಲ್ಲಿತ್ತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಐವತ್ತು ನಿಮಿಷದ ಮೇಲೆ ಜಡೆ ಬಂದಳು. ಊಟ ಮುಗಿದು, ಏಡಿ ಹತ್ತಲು ಹೋದರೆ ಗೂಟದಲ್ಲಿದ್ದ ಹನ್ನೊಂದೂ ಬಿಗಿದು ನಿಂತಿದ್ದವಂತೆ. ಖಾಲಿ ಏಡಿಗಳನ್ನು ನೋಡಿ ಉಳಿದವರು ರಜೆ ಸಿಕ್ಕಿತೆಂದು ನಗುತ್ತಿದ್ದರೆ, ಇವಳು ರಾಕೆಟ್ಟಕ್ಕನ ನೆನಪಾಗಿ ಓಡಿಬಂದಿದ್ದಳು.

"ಅಯ್ಯೋ ನನ್ನವ್ವಾ! ಎಷ್ಟು ಹೊತ್ತಾಯ್ತೇ?"

"ಮೊದಲು ಮೂಗು ಕೆರಿ," ಎಂದಳು ರಾಕೆಟ್ಟಕ್ಕ.

ಜಡೆ ಮೂಗು ಕೆರೆದಳು, ನೀರು ಕುಡಿಸಲು ಬಂದಳು. "ನೀರು ಮಾತ್ರ ಬೇಡ ಕಣೇ," ಎಂದಾಗ ಅರ್ಥವಾಗಿ, ಸೂಪರ್‌ವೈಸರನ್ನು ಕರೆಯಲು ಓಡಿದಳು.

ಸೂಪರ್‌ವೈಸರ್ ಕೆಟ್ಟವನಲ್ಲ. ಎಂಥ ಪ್ರಶ್ನೆಗೂ "ಮೇಲಿಂದ ಹೇಳಿಕೆ ಬರಲಿ" ಎನ್ನುವುದು ಅವನ ಅಭ್ಯಾಸ. ಬಂದು ನೋಡಿದವನು ಏಡಿಯ ಸುತ್ತ ಎರಡು ಸುತ್ತು ಹಾಕಿ, ಎದೆಯ ಬೀಗವನ್ನು ಒಂದು ಸಲ ಒತ್ತಿ, ಫೋನು ತೆಗೆದ. ಕಂಪನಿಯ ಸಹಾಯವಾಣಿಯಲ್ಲಿ ಮೊದಲು ಸಂಗೀತ ಕೇಳಿಸಿತು, ಆಮೇಲೆ ದೂರು ದಾಖಲಾಗಿದೆ ಎಂದಿತು. ಆಮೇಲೆ ಯಾರನ್ನೋ ಹಿಡಿದು ಮಾತಾಡಿ, "ಅವರ ಕಂಪ್ಯೂಟರೇ ಕೆಟ್ಟಿದೆಯಂತೆ. ಇಂಜಿನಿಯರ್ ಮೇಡಂ ಹೊರಟಿದಾರಂತೆ. ಇನ್ನೆರಡು ಗಂಟೇಲಿ ಬರ್ತಾರೆ," ಎಂದ.

"ಎರಡು ಗಂಟೆ!" ಎಂದಳು ಜಡೆ. "ಅಗ್ನಿಶಾಮಕದವರನ್ನ ಕರೀರಿ ಸಾರ್, ಕೊಯ್ದು ತೆಗೀಲಿ."

"ಅವರನ್ನ ಕರೆದ್ರೆ ಊರೆಲ್ಲ ಗುಲ್ಲಾಗುತ್ತೆ. ಯಂತ್ರ ಮುಟ್ಟಬೇಕು ಅಂದ್ರೆ ಮೇಲಿಂದ ಹೇಳಿಕೆ ಬರಬೇಕು. ಅವರಿಗೇನೂ ಏಟಾಗಿಲ್ಲವಲ್ಲ? ಭಾರ ಅದೇ ಹೊತ್ತಿದೆ. ಸ್ವಲ್ಪ ಸಮಾಧಾನ ಮಾಡ್ಕೊಳ್ಳೀಮ್ಮ."

ಸಮಾಧಾನ ಮಾಡಿಕೊಳ್ಳಬೇಕಾದವಳಿಗೆ ಆ ಹೊತ್ತಿಗೆ ಕಾಲ ಬೆರಳುಗಳ ಸ್ಪರ್ಶವೇ ಹೋಗಿತ್ತು. ಸೂಪರ್‌ವೈಸರ್ ಮತ್ತೆ ಫೋನು ಹಿಡಿದು ಬಾಗಿಲ ಕಡೆ ಹೋದ. ಜಡೆ ಸೊಂಟದಲ್ಲಿದ್ದ ಕಟರ್ ತೆಗೆದಳು, ಪೆಟ್ಟಿಗೆಯ ಟೇಪು ಕೊಯ್ಯುವ ಬ್ಲೇಡು. ತೊಡೆಯ ಪಟ್ಟಿಗೆ ಇಟ್ಟು ಎಳೆದಳು. ಮೇಲಿನ ಬಟ್ಟೆ ಹರಿಯಿತು, ಒಳಗೆ ಹೆಣೆದ ಉಕ್ಕಿನ ತಂತಿ ಕಂಡಿತು. ಬ್ಲೇಡಿನ ತುದಿ ಮುರಿಯಿತು.

ಆಗಲೇ ರಾಕೆಟ್ಟಕ್ಕನಿಗೆ ತಡೆಯಲಾಗಲಿಲ್ಲ. ಬೆಚ್ಚಗೆ ತೊಡೆಯಿಂದಿಳಿದು, ಬೂಟಿನೊಳಗೆ ಸೇರಿ, ನೆಲಕ್ಕೆ ಹರಿಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಮೂರು ಮಕ್ಕಳ ತಾಯಿ, ಬರುವ ವರ್ಷ ಅಜ್ಜಿಯಾಗುವವಳು. ಜಡೆ ರಟ್ಟಿನ ಹಾಳೆಯೊಂದನ್ನು ತಂದು ನೆಲದ ಮೇಲೆ ಹಾಸಿದಳು.

"ನನ್ನ ಕಪಾಟಿಂದ ಮೊಬೈಲು ತಾ," ಎಂದಳು ರಾಕೆಟ್ಟಕ್ಕ ಸ್ವಲ್ಪ ಹೊತ್ತಿನ ಮೇಲೆ. "ಮಾವನಿಗೆ ಹಚ್ಚು."

ಜಡೆ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದು ಸ್ಪೀಕರ್ ಹಾಕಿದಳು. ಬೈಂಡಿಂಗ್ ಅಂಗಡಿಯಲ್ಲಿ ಮೇಷ್ಟ್ರೂ ಇದ್ದರು. ಇವಳು ನಡೆದದ್ದನ್ನು ನಾಲ್ಕು ಮಾತಲ್ಲಿ ಹೇಳಿದಳು.

"ಬ್ಯಾಟರಿ ಎಷ್ಟಿದೆ?" ಎಂದರು ಮೇಷ್ಟ್ರು. "ಪೂರ್ತಿ ಇಳಿದ್ರೆ ಕೀಲು ಸಡಿಲ ಆಗಬಹುದು."

"ಇಲ್ಲ ಮೇಷ್ಟ್ರೇ. ಬ್ಯಾಟರಿ ಸತ್ತರೆ ಇನ್ನೂ ಬಿಗಿಯಾಗುತ್ತಂತೆ. ಲಿಫ್ಟಿನ ಬ್ರೇಕಿನ ಹಾಗೆ ಅಂತ ಹೇಳಿದ್ರು."

"ಹಾಗಾದ್ರೆ ಎಲ್ಲೋ ಒಂದು ಕೈಯಿಂದ ಬಿಚ್ಚೋ ಹಿಡಿ ಇರಲೇಬೇಕು. ಇಲ್ಲದೆ ಯಾರಾದ್ರೂ ಯಂತ್ರ ಮಾಡ್ತಾರಾ?"

"ಇಲ್ಲ ಮೇಷ್ಟ್ರೇ."

"ಹೆದರಬೇಡ ತಾಯಿ," ಎಂದ ಮಾವ. "ನೆನಪಿದೆಯಾ, ಹೋದ ವರ್ಷ ಓದಿದ್ವಲ್ಲ, ಆ ನೀಲಿ ರಟ್ಟಿನದು? ಅದರಲ್ಲೂ ಆ ಕಪ್ತಾನ ಹೀಗೇ ಕವಚದೊಳಗೆ ಸಿಕ್ಕಿಕೊಂಡು, ಉಸಿರು ಹಿಡಿದು..."

"ಮಾವಾ, ಕಥೆ ಬೇಡ!"

ಹುಟ್ಟಿದಾಗಿನಿಂದ ಅವಳು ಮಾವನಿಗೆ ಆ ಮಾತು ಹೇಳಿದ್ದಿಲ್ಲ. ಫೋನಿನ ಆ ಬದಿಯಿಂದ ಅಂಗಡಿಯ ಹೊರಗಿನ ರಸ್ತೆಯಲ್ಲಿ ಯಾವುದೋ ಗಾಡಿ ಹಾದುಹೋದ ಸದ್ದು ಮಾತ್ರ ಕೇಳಿಸಿತು. ಅವಳಿಗೆ ಅಳು ಬಂತು. ಒರೆಸಿಕೊಳ್ಳಲು ಕೈ ಇರಲಿಲ್ಲ.

"ಆಯ್ತು," ಎಂದ ಮಾವ. ಈಗ ಅದು ಬೇರೆಯದೇ ದನಿ, ಹರಿದ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡಾಗಿನ ದನಿ. "ಜತೇಲಿರೋ ತಂಗಿ ಯಾರಮ್ಮ? ನೀನು ನೋಡಿ ಹೇಳು. ಆ ಪಟ್ಟಿ ಲೋಹಕ್ಕೆ ಹೇಗೆ ಕೂಡಿಕೊಂಡಿದೆ? ಮೊಳೆ ಹೊಡೆದಿದಾರಾ, ಅಂಟಿಸಿದಾರಾ?"

ಜಡೆ ಬಗ್ಗಿ ನೋಡಿದಳು. "ಲೋಹದ ಒಳಗಡೆ ದಪ್ಪ ಕ್ಯಾನ್ವಾಸು ಇದೆ ಮಾಮ. ಪಟ್ಟೀನ ಅದಕ್ಕೆ ಹೊಲಿದಿದಾರೆ."

"ಹೊಲಿದಿದಾರೆ?"

"ಹ್ಞೂಂ. ಕಪ್ಪು ದಾರ. ನಾಲ್ಕು ಸಾಲು."

"ತಂತಿಯೋ ದಾರವೋ? ಉಗುರಿಂದ ಎತ್ತಿ ನೋಡು."

"ದಾರವೇ ಮಾಮ."

"ಸರಿ. ಪುಸ್ತಕ ಬಿಚ್ಚಬೇಕಾದ್ರೆ ನಾವು ಹಾಳೆ ಹರಿಯಲ್ಲ, ಹೊಲಿಗೆ ಬಿಚ್ಚುತೀವಿ. ಪಟ್ಟಿ ತಂಟೆಗೆ ಹೋಗಬೇಡ. ಬ್ಲೇಡನ್ನ ಮಲಗಿಸಿ ಹಿಡಿ. ಕ್ಯಾನ್ವಾಸಿಗೂ ಪಟ್ಟಿಗೂ ನಡುವೆ ತುದಿ ತೂರಿಸಿ, ಒಂದೊಂದೇ ಹೊಲಿಗೆ ಮೇಲಕ್ಕೆ ಎತ್ತಿ ಕೊಯ್ಯಿ. ಅವಸರ ಬೇಡ. ಬ್ಲೇಡಿನ ಬೆನ್ನು ಯಾವಾಗಲೂ ಅವಳ ಮೈ ಕಡೆಗಿರಲಿ."

ಜಡೆ ಕಟರಿಗೆ ಹೊಸ ಬ್ಲೇಡು ಹಾಕಿ ಎಡ ತೊಡೆಯಿಂದ ಶುರುಮಾಡಿದಳು. ಮೊದಲ ಸಾಲಿಗೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಕೈ ಕುದುರಿತು. ಎದೆಯ ಬೀಗ ಕೂಡಿಸಿದ್ದೂ ಸೇರಿ ಎಂಟು ಪಟ್ಟಿ, ಪ್ರತಿಯೊಂದಕ್ಕೂ ನಾಲ್ಕು ಸಾಲು. ಮಾವ ಆಗಾಗ "ಎಷ್ಟಾಯ್ತು?" ಎಂದು ಕೇಳುತ್ತಿದ್ದ, ಜಡೆ ಲೆಕ್ಕ ಒಪ್ಪಿಸುತ್ತಿದ್ದಳು. ಎರಡು ನಿಮಿಷಕ್ಕೊಮ್ಮೆ ಏಡಿ, "ದಯವಿಟ್ಟು ಕಾಯಿರಿ" ಎನ್ನುತ್ತಿತ್ತು. "ನಿನ್ನ ಬಾಯಿಗೆ ಮಣ್ಣು ಹಾಕ," ಎಂದು ಪ್ರತಿಸಲವೂ ಜಡೆ ಉತ್ತರ ಕೊಡುತ್ತಿದ್ದಳು.

ಸೊಂಟದ ಪಟ್ಟಿ ಅರ್ಧ ಬಿಚ್ಚಿರುವಾಗ ಸೂಪರ್‌ವೈಸರ್ ವಾಪಸು ಬಂದ. "ಏನ್ರೀ ಇದು! ಯಾರ್ರೀ ಹೇಳಿದ್ದು ನಿಮಗೆ? ಮೇಡಂ ದಾರೀಲಿದಾರೆ! ನಿಲ್ಲಿಸ್ರೀ!" ಎಂದು ಇಬ್ಬರ ನಡುವೆ ಕೈ ಚಾಚಿದ.

"ಸಾರ್, ಪಕ್ಕಕ್ಕೆ ಸರೀರಿ," ಎಂದಳು ಜಡೆ, ತಲೆಯೆತ್ತದೆ. "ನನ್ನ ಕೈಲಿ ಬ್ಲೇಡಿದೆ. ಕೈ ನಡುಗ್ತಿದೆ."

ಅವನು ಸರಿದ. ರಟ್ಟಿನ ಹಾಳೆಯ ಕಡೆ ಕಣ್ಣು ಹೋಗಿ, ಮುಖ ತಿರುಗಿಸಿಕೊಂಡ. ಕೊನೆಗೆ ತನ್ನ ಫೋನಿನ ಟಾರ್ಚ್ ಹಾಕಿ ಹೊಲಿಗೆಯ ಮೇಲೆ ಹಿಡಿದ.

ಎಂಟನೆಯ ಪಟ್ಟಿ ಕಳಚಿದಾಗ ಅವಳು ಸಿಕ್ಕಿಕೊಂಡು ಮೂರು ಗಂಟೆ ಹತ್ತು ನಿಮಿಷವಾಗಿತ್ತು. ರಾಕೆಟ್ಟಕ್ಕ ಪಕ್ಕಕ್ಕೆ ಜಾರಿದಳು. ಲೋಹದ ತೋಳಿನಿಂದ ಕೈ ಎಳೆದುಕೊಂಡಳು. ಕಾಲುಗಳು ಅವಳವಾಗಿರಲಿಲ್ಲ, ಜಡೆಯೂ ಸೂಪರ್‌ವೈಸರೂ ತೋಳು ಹಿಡಿದು ಎಳೆದು ನೆಲದ ಮೇಲೆ ಮಲಗಿಸಿದರು. ರಕ್ತ ಮತ್ತೆ ಹರಿಯತೊಡಗಿದಾಗ ಕಾಲಿನೊಳಗೆ ಸಾವಿರ ಸೂಜಿ ಒಮ್ಮೆಗೇ ಚುಚ್ಚಿದಂತಾಗಿ ಅವಳು ಚೀರಿದಳು. ಫೋನಿನಲ್ಲಿ ಮಾವ, "ಏನಾಯ್ತು, ಏನಾಯ್ತು?" ಎನ್ನುತ್ತಲೇ ಇದ್ದ. ಜಡೆ ತನ್ನ ಕೋಟು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದಳು. ಖಾಲಿ ಏಡಿ ಮಾತ್ರ ಅದೇ ಭಂಗಿಯಲ್ಲಿ, ಪೆಟ್ಟಿಗೆ ಹಿಡಿದುಕೊಂಡು, ಅರ್ಧ ಕೂತು ನಿಂತಿತ್ತು. ಒಳಗೆ ಯಾರೂ ಇಲ್ಲದಿದ್ದರೂ ಅದು ಕಾಯಿರಿ, ಕಾಯಿರಿ ಎನ್ನುತ್ತಿತ್ತು.

ಇಂಜಿನಿಯರ್ ಬಂದಾಗ ನಾಲ್ಕು ಗಂಟೆಯಾಗಿತ್ತು. ಊಟದ ಕೋಣೆಯಲ್ಲಿ ರಾಕೆಟ್ಟಕ್ಕ ಬೇರೆ ಬಟ್ಟೆ ಉಟ್ಟು, ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಇಂಜಿನಿಯರ್ ಎದುರಿಗೆ ಕೂತಳು.

"ಮೊದಲ ಮಾದರೀಲಿ ಹಿಡಿ ಇತ್ತು," ಎಂದಳು ಇಂಜಿನಿಯರ್. "ಎಳೆದ್ರೆ ಎಲ್ಲ ಪಟ್ಟೀನೂ ಒಮ್ಮೆಗೇ ಕಳಚೋ ಹಾಗೆ. ನಾನೇ ಮಾಡಿದ್ದೆ. ಭಾರ ಜಾಸ್ತಿಯಾಯ್ತು, ಕೆಲಸದವರು ಸುಮ್ಮಸುಮ್ಮನೆ ಎಳೀತಾರೆ ಅಂತ ತೆಗೆಸಿದ್ರು."

"ನೀವು ತೆಗೆದ್ರಾ?"

"ತೆಗೆದೆ."

"ಅಷ್ಟೊಂದು ಕಥೆ ಓದಿದೀರಿ, ಮೇಡಂ," ಎಂದಳು ರಾಕೆಟ್ಟಕ್ಕ. ಸಿಟ್ಟಿನಿಂದಲ್ಲ, ಕೇಳಬೇಕೆನ್ನಿಸಿ ಕೇಳಿದಳು. "ಓದುವಾಗ ನಿಮ್ಮನ್ನ ನೀವು ಯಾರು ಅಂದ್ಕೋತಿದ್ರಿ? ಒಳಗಿದ್ದೋಳಾ, ಮಾಡಿದೋಳಾ?"

ಇಂಜಿನಿಯರ್ ಹಣೆಯ ಗೆರೆಯನ್ನು ಸವರಿಕೊಂಡಳು. "ಒಳಗಿದ್ದೋಳೇ," ಎಂದಳು. "ಮಾಡೋಕೆ ಶುರುಮಾಡಿದ ಮೇಲೆ ಒಳಗೆ ಹೋಗಿ ಬಹಳ ವರ್ಷ ಆಯ್ತು."

ಮಾರನೆಯ ವಾರ ಕಂಪನಿಯಿಂದ ಒಂದು ಕಾಗದ ಬಂತು. ತೊಟ್ಟವರು ಊಟದ ವೇಳೆಯ ನಿಯಮ ಮೀರಿ ಬಳಸಿದ್ದರಿಂದ ಹೀಗಾಯಿತು ಎಂದು ಬರೆದಿತ್ತು. ಸಹಿ ಹಾಕಿದರೆ ಹರಿದ ಏಡಿಯ ವಿಷಯ ಅಲ್ಲಿಗೇ ಮುಗಿಯುತ್ತದೆಂದು ಸೂಪರ್‌ವೈಸರ್ ಮೆಲ್ಲಗೆ ಹೇಳಿದ. ಅವಳು ಸಹಿ ಹಾಕಲಿಲ್ಲ. ಕೈಯಿಂದ ಬಿಚ್ಚುವ ಹಿಡಿ ಇಲ್ಲದೆ ಏಡಿ ಹತ್ತುವುದಿಲ್ಲ ಎಂದಳು.

"ನಿಮ್ಮಿಷ್ಟ," ಎಂದ ಸೂಪರ್‌ವೈಸರ್. "ಬಲವಂತ ಯಾರದ್ದೂ ಇಲ್ಲ. ಆದ್ರೆ ಲೆಕ್ಕ ನೂರ ಅರವತ್ತೇ."

ನಾಲ್ಕು ದಿನ ಅವಳು ಬರಿಮೈಯಲ್ಲಿ ಎತ್ತಿದಳು. ಮೊದಲ ದಿನ ಎಂಬತ್ತಾರು, ನಾಲ್ಕನೆಯ ದಿನ ಐವತ್ತೊಂದು. ಐದನೆಯ ದಿನ ಬೆಳಗ್ಗೆ ಗಂಡ ಎಬ್ಬಿಸಿ ಕೂರಿಸಬೇಕಾಯಿತು. ಹಾಸಿಗೆಯ ತುದಿಯಲ್ಲಿ ಕೂತು, ಏಡಿಯಿಂದ ಹೊರಗೆ ಬಂದರೂ ಅದರ ಒಳಗೇ ಇದ್ದೇನೆ ಎಂದುಕೊಂಡಳು. ಕೆಲಸ ಬಿಟ್ಟರೆ ಮುಂದೇನು, ಬಿಡದಿದ್ದರೆ ಈ ಬೆನ್ನು ಎಷ್ಟು ದಿನ? ಅತ್ತ ದರಿ, ಇತ್ತ ಪುಲಿ.

ಗುರುವಾರ ಅವಳು ಅಂಗಡಿಗೆ ಹೋದಾಗ ಮಾವ ಪುಸ್ತಕದ ಮಾತೆತ್ತಲಿಲ್ಲ. ಸುಮ್ಮನೆ ಅಂಟು ಕಲಸುತ್ತಿದ್ದ. "ನಾನೇ ಹೋಗು ಅಂತ ಕುಣಿದವನು," ಎಂದ. "ಓದಿಸಿ ಓದಿಸಿ ನಿನ್ನನ್ನ ಅದರೊಳಗೆ ಕೂರಿಸಿದೋನು ನಾನೇ."

"ಹಾಗಾದ್ರೆ ಬಿಡಿಸಿದೋರು ಯಾರು?" ಎಂದಳು ಅವಳು. "ಸುಮ್ನೆ ಏನೇನೋ ತಲೆಗೆ ಹಚ್ಕೋಬೇಡ. ಆ ನೀಲಿ ರಟ್ಟಿನ ಕಪ್ತಾನನ ಕತೆ ಮುಗಿಸು. ಅವತ್ತು ಅರ್ಧಕ್ಕೇ ನಿಲ್ಲಿಸಿದೆ."

ಮೇಷ್ಟ್ರು ಮಾತ್ರ ಏಡಿಯ ನಿಯಮ ಪುಸ್ತಕವನ್ನು ಜಡೆಯಿಂದ ತರಿಸಿಕೊಂಡು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. ನಲವತ್ತನೆಯ ಪುಟದಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡರು. "ಇಲ್ನೋಡು. 'ದೇಹಬಾಧೆಗಾಗಿ ತೊಟ್ಟವರು ಯಾವಾಗ ಬೇಕಾದರೂ ಕವಚ ಕಳಚಬಹುದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.' ಒಂದು ಸಲ ಕಳಚಿ ತೊಡೋಕೆ ಎಷ್ಟು ಹೊತ್ತು?"

"ಎಂಟು ನಿಮಿಷ," ಎಂದಳು ರಾಕೆಟ್ಟಕ್ಕ. ಹೇಳಿ ಮುಗಿಸುವ ಹೊತ್ತಿಗೆ ಅವಳಿಗೆ ನಗು ಬಂದುಬಿಟ್ಟಿತು.

ಸೋಮವಾರದಿಂದ ಗೋದಾಮಿನ ಹನ್ನೊಂದು ಹೆಂಗಸರಿಗೂ ವಿಪರೀತ ನೀರಡಿಕೆ. ಪ್ರತಿಯೊಬ್ಬಳ ಪಕ್ಕದಲ್ಲೂ ಎರಡು ಲೀಟರಿನ ಬಾಟಲಿ. ಅರ್ಧ ಗಂಟೆಗೊಮ್ಮೆ ಒಬ್ಬೊಬ್ಬಳೂ ಕೈಯೆತ್ತುವಳು, ಏಡಿಯಿಂದ ಇಳಿಯುವಳು, ಬಚ್ಚಲಿಗೆ ಹೋಗಿ ಬರುವಳು, ಮತ್ತೆ ಪಟ್ಟಿ ಬಿಗಿಸಿಕೊಳ್ಳುವಳು. ಸೂಪರ್‌ವೈಸರ್ ಬಾಯಿ ತೆರೆದರೆ ನಲವತ್ತನೆಯ ಪುಟ ತೋರಿಸುವರು. "ಒಬ್ಬಳಿಗೆ ಒಳಗೇ ಆಗಿದ್ದನ್ನ ನೋಡಿದೀವಲ್ಲ ಸಾರ್, ಭಯ," ಎನ್ನುವಳು ಜಡೆ, ಮುಖ ಸಪ್ಪಗೆ ಮಾಡಿಕೊಂಡು. ಒಬ್ಬೊಬ್ಬಳು ದಿನಕ್ಕೆ ಎತ್ತಿದ್ದು ಎಪ್ಪತ್ತು ಪೆಟ್ಟಿಗೆಗೆ ಇಳಿಯಿತು. ಲಾರಿಗಳು ಬಾಗಿಲಲ್ಲಿ ಸಾಲುಗಟ್ಟಿದವು. ಎರಡನೆಯ ವಾರ ಮೇಲಿನವರೇ ಕಾರಿನಲ್ಲಿ ಬಂದು ಸಾಲುಗಳ ನಡುವೆ ಓಡಾಡಿ, ಬಾಟಲಿಗಳನ್ನು ನೋಡಿ ಹೋದರು. ಇಬ್ಬರಿಗೆ ಎಚ್ಚರಿಕೆಯ ಪತ್ರ ಬಂತು. ಅವರಿಬ್ಬರೂ ಅದನ್ನು ಓದಿ ಇನ್ನೊಂದು ಲೋಟ ಕುಡಿದರು. ಈ ನಡುವೆ ರಾಕೆಟ್ಟಕ್ಕನನ್ನು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದ್ದರು. ತನ್ನ ಹೆಸರಲ್ಲಿ ಉಳಿದವರು ಸಿಕ್ಕಿಬಿದ್ದರೆ ಎಂದು ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮೂರನೆಯ ವಾರ ಇಂಜಿನಿಯರ್ ಒಂದು ಪೆಟ್ಟಿಗೆ ಹೊತ್ತು ಬಂದಳು. ಅದರೊಳಗೆ ಕೆಂಪು ಹಿಡಿಗಳಿದ್ದವು, ಬಿಗಿದ ಕೈಯ ಬೆರಳಿಗೂ ಎಟಕುವಂಥವು. ಮೊದಲು ಒಂದನ್ನೇ, ರಾಕೆಟ್ಟಕ್ಕನ ಏಡಿಗೆ ಮಾತ್ರ ಹಾಕಿ ನೋಡಿ ಎಂದು ಮೇಲಿನವರು ಹೇಳಿದ್ದರಂತೆ. "ಪೆಟ್ಟಿಗೇಲಿ ಹನ್ನೆರಡೂ ಇವೆ," ಎಂದಳು ಇಂಜಿನಿಯರ್. "ಹೇಗೋ ಕೈ ತಪ್ಪಿ ಎಲ್ಲವನ್ನೂ ಹಾಕಿಬಿಟ್ಟೆ ಅಂತ ಬರೀತೀನಿ." ಅಂಗಿಯ ತೋಳು ಮಡಚಿ, ನೆಲದ ಮೇಲೆ ಕೂತು ಎರಡು ದಿನ ಅದೇ ಕೆಲಸ ಮಾಡಿದಳು, ರಾಕೆಟ್ಟಕ್ಕನ ಏಡಿಗೆ ಪಟ್ಟಿಗಳನ್ನೂ ಮತ್ತೆ ಹೊಲಿದು ಕೂಡಿಸಿದಳು. ಅವಳು ಹಾಗೆಯೇ ಬರೆದಳೋ, ಬರೆದ ಮೇಲೆ ಅವಳ ಕೆಲಸ ಏನಾಯಿತೋ ಇವರಿಗೆ ತಿಳಿಯಲಿಲ್ಲ. ಮತ್ತೆ ಅವಳು ಆ ಗೋದಾಮಿಗೆ ಬರಲಿಲ್ಲ. ಅವಳ ಬದಲು ಬೇರೆಯವರು ಬಂದರು, ಪುಸ್ತಕ ಓದದವರು.

ಫಲಕದ ಲೆಕ್ಕ ನೂರ ನಲವತ್ತಕ್ಕೆ ನಿಂತಿತು. ತೊಂಬತ್ತಕ್ಕೆ ಅದು ಇನ್ನು ಇಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹಿಡಿ ಹಾಕಿದ ಮಾರನೆಯ ಬೆಳಗ್ಗೆ ರಾಕೆಟ್ಟಕ್ಕ ತನ್ನ ಏಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ಬೆನ್ನು ತಿರುಗಿಸಿ ಅದರೊಳಗೆ ಹೊಕ್ಕಳು. ಜಡೆ ಎಂಟೂ ಪಟ್ಟಿ ಬಿಗಿದಳು. ಎದೆಯ ಬೀಗ ಬಿತ್ತು. ಸೊಂಟದಲ್ಲಿ, ಮೊಣಕಾಲಿನಲ್ಲಿ ಯಂತ್ರ ಸಣ್ಣಗೆ ಗುಂಯ್‌ಗುಟ್ಟಿ ಎಚ್ಚರವಾಯಿತು. ಅವಳು ಮೊದಲ ಪೆಟ್ಟಿಗೆಯ ತನಕ ನಡೆದು, ಬಗ್ಗಿ, ಕೊಕ್ಕೆ ಹಾಕಿ, ಅರ್ಧ ಎದ್ದಳು. ಅಲ್ಲಿಗೆ ನಿಂತು, ಕೆಂಪು ಹಿಡಿಯನ್ನು ಬೆರಳಿಂದ ಸೆಳೆದಳು.

ಎಂಟು ಪಟ್ಟಿಯೂ ಒಮ್ಮೆಲೇ ಕಳಚಿದವು. ಅವಳು ಪಕ್ಕಕ್ಕೆ ಜಿಗಿದಳು. ಏಡಿ ಪೆಟ್ಟಿಗೆ ಸಮೇತ ಧಡಾರನೆ ಮುಂದಕ್ಕೆ ಬಿತ್ತು. ಒಳಗೆ ಕಮೋಡು ಚೂರುಚೂರಾದ ಸದ್ದು ಹದಿನಾಲ್ಕು ಸಾಲಿಗೂ ಕೇಳಿಸಿತು. ಸೂಪರ್‌ವೈಸರ್ ಓಡಿ ಬಂದ.

"ಏನಾಯ್ತು? ಏನಾಯ್ತ್ರೀ?"

"ಏನಿಲ್ಲ ಸಾರ್. ಬಿಚ್ಚುತ್ತಾ ಅಂತ ನೋಡಿದೆ," ಎಂದಳು ರಾಕೆಟ್ಟಕ್ಕ. "ಬಿಚ್ಚುತ್ತೆ."

ಅವಳು ಜಡೆಯ ಕೈಯಿಂದ ಏಡಿಯನ್ನು ಎತ್ತಿಸಿ ನಿಲ್ಲಿಸಿಕೊಂಡಳು, ಪಟ್ಟಿಗಳ ಮೇಲಿನ ಚೂರು ಕೊಡವಿದಳು, ಮತ್ತೆ ಬೆನ್ನು ತಿರುಗಿಸಿ ಒಳಗೆ ಹೊಕ್ಕಳು. ಆ ದಿನ ನೂರ ನಲವತ್ತಕ್ಕೆ ಒಂದು ಕಡಿಮೆಯಾಯಿತು.